ಬೆಂಕಿ ಬಲ್ಲ ದೇವಕ್ಕ

ದೇವಕ್ಕನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಸುಟ್ಟ ಕಲೆಗಳಿವೆ. ನನ್ನ ಮಗಳು ಶೆರಿನ್ ಎಣಿಸಲು ಕಲಿತದ್ದು ಅವುಗಳ ಮೇಲೆ ಬೆರಳಿಟ್ಟು. ಹದಿನೇಳಕ್ಕೆ ಕಲೆಗಳು ಮುಗಿಯುತ್ತವೆ. "ಹದಿನೆಂಟು ಕಲೀಬೇಕಂದ್ರ ನಿಮ್ಮವ್ವನ್ನ ಕೇಳು, ನಾ ಇನ್ನ ಸುಟ್ಕೊಳ್ಳಂಗಿಲ್ಲ" ಅನ್ನುತ್ತಿದ್ದಳು ದೇವಕ್ಕ.

ಅವಳು ಕೆಲಸ ಮಾಡುವುದು ಪೀಣ್ಯ ಎರಡನೇ ಹಂತದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಲ್ಲಿ. ಲೇತಿನಲ್ಲಿ ಕಡೆದ ಗೇರ್‌ಗಳು, ಶಾಫ್ಟುಗಳು ಅಲ್ಲಿಗೆ ಮೆತ್ತಗೆ ಬರುತ್ತವೆ. ಒಂಬೈನೂರ ಮೂವತ್ತು ಡಿಗ್ರಿಯ ಫರ್ನೇಸಿನಲ್ಲಿ ಗಂಟೆಗಟ್ಟಲೆ ಇದ್ದು, ಕೆಂಪಗೆ ಹೊರಬಂದು, ಎಣ್ಣೆಯಲ್ಲಿ ಮುಳುಗಿ ಗಟ್ಟಿಯಾಗುತ್ತವೆ. ಒಳಗೆ ಹೋಗುವ ಮುಂಚೆ ಅವು ಒಂದಕ್ಕೊಂದು ತಾಗದಂತೆ ಬೈಂಡಿಂಗ್ ತಂತಿಯಲ್ಲಿ ಚೌಕಟ್ಟಿಗೆ ಕಟ್ಟುವುದು ದೇವಕ್ಕನ ಕೆಲಸ. ಹದಿನಾಲ್ಕು ವರ್ಷದಿಂದ ಅದೇ. ಮುಚ್ಚಳ ತೆಗೆದಾಗ ಒಳಗಿನ ಬಣ್ಣ ನೋಡಿಯೇ ಎಷ್ಟು ಡಿಗ್ರಿ ಎಂದು ಹೇಳಬಲ್ಲಳು. ಮೀಟರ್ ಕೆಟ್ಟ ದಿನ ಸೂಪರ್‌ವೈಸರ್ ಅವಳನ್ನೇ ಕೂಗುತ್ತಾನೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ನಡೆದ ಜಗಳವೆಲ್ಲ ಬೆಂಕಿಯ ವಿಷಯಕ್ಕೇ.

ನಾವಿಬ್ಬರೂ ಇರುವುದು ರಾಜಗೋಪಾಲನಗರದಲ್ಲಿ, ಪಿಳ್ಳಮ್ಮನವರ ಕಟ್ಟಡದಲ್ಲಿ. ಕೆಳಗೆ ಅಂಗಡಿ, ಮೊದಲ ಮಹಡಿಯಲ್ಲಿ ಪ್ರಾರ್ಥನಾಲಯ, ಅದರ ಮೇಲೆ ನಮ್ಮಂಥ ಬಾಡಿಗೆಯವರ ಮನೆಗಳು. ಪಿಳ್ಳಮ್ಮ ರಾಗಿ ಬೆಳೆಯುತ್ತಿದ್ದ ಹೊಲ ಇದು. ಅವರ ಮಗ ಮುನಿಕೃಷ್ಣ ಇಪ್ಪತ್ತು ವರ್ಷದ ಕೆಳಗೆ ಕ್ರಿಸ್ತನನ್ನು ನಂಬಿ ಸ್ಯಾಮ್ಯುಯೆಲ್ ಆದರು. ಪ್ರಾರ್ಥನಾಲಯದ ಪಾಸ್ಟರ್ ಅವರೇ. ತಾಯಿ ಮಾತ್ರ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಮಾರಮ್ಮನಿಗೆ ಕೈಮುಗಿದು, ಮಗನನ್ನು ಇವತ್ತಿಗೂ ಮುನಿಕೃಷ್ಣ ಅಂತಲೇ ಕರೆಯುತ್ತಾರೆ. ನಾನು ಮದುವೆಗೆ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾದವಳು. ಕುಣಿಗಲ್‌ನಲ್ಲಿರುವ ನನ್ನ ಅಮ್ಮ ತೆಗೆದುಕೊಂಡವಳಲ್ಲ.

ದೇವಕ್ಕನ ಗಂಡ ಯಮನೂರ ಗಾರೆ ಕೆಲಸದವನು. ನವಲಗುಂದದ ಕಡೆಯವರು ಇಬ್ಬರೂ. ಬಹಳ ದಿನ ಮಕ್ಕಳಾಗದ ಅವನ ತಾಯಿ ಯಮನೂರಿನ ದರ್ಗಾಕ್ಕೆ ಹೋಗಿ ಹರಕೆ ಹೊತ್ತಿದ್ದಳಂತೆ. ಹುಟ್ಟಿದ ಮಗನಿಗೆ ಆ ಊರಿನ ಹೆಸರನ್ನೇ ಇಟ್ಟಳು. ಬೆಂಗಳೂರಿಗೆ ಬಂದ ಮೇಲೆ ದೇವಕ್ಕ ದೀಕ್ಷಾಸ್ನಾನ ಮಾಡಿಸಿಕೊಂಡಳು. ನಮ್ಮ ಪ್ರಾರ್ಥನಾಲಯದ ಪದ್ಧತಿಯಂತೆ ನೀರಿಗೆ ಇಳಿಯುವಾಗ ಹೊಸ ಹೆಸರು ಕೊಡುತ್ತಾರೆ. ಅವಳು ದಾಖಲೆಯಲ್ಲಿ ದೆಬೋರಾ ಆದಳು. ಪಾಸ್ಟರ್ ಬಿಟ್ಟರೆ ಯಾರೂ ಹಾಗೆ ಕರೆಯಲಿಲ್ಲ.

ಯಮನೂರನೂ ಇಳಿಯಲು ಸಿದ್ಧನಿದ್ದ. ಹೆಸರು ಬಿಡಲು ಮಾತ್ರ ಒಪ್ಪಲಿಲ್ಲ.

"ನಮ್ಮವ್ವ ನಡಕೊಂಡು ಹೋಗಿ ಬೇಡ್ಕೊಂಡು ಬಂದ ಹೆಸರ್ರಿ ಇದು. ನಿಮ್ಮ ನೀರಾಗ ನನ್ನ ಮುಳುಗಸ್ರಿ, ಹೆಸರ ಮುಳುಗಸಬ್ಯಾಡ್ರಿ" ಎಂದಿದ್ದನಂತೆ.

"ಮನಸ್ಸು ಪೂರ್ತಿ ಬದಲಾದಾಗ ಬನ್ನಿ" ಎಂದು ಪಾಸ್ಟರ್ ಮುಂದಕ್ಕೆ ಹಾಕಿದರು. ಹಾಗೆ ಆರು ವರ್ಷ ಹೋಯಿತು. ಆ ಆರು ವರ್ಷವೂ ಪ್ರತಿ ಭಾನುವಾರ ಅವನು ಹೆಂಡತಿಯ ಜೊತೆ ಬಂದು ಪ್ರಾರ್ಥನಾಲಯದ ಮೆಟ್ಟಿಲ ಮೇಲೆ ಕೂರುತ್ತಿದ್ದ. ಚಪ್ಪಲಿ ಜೋಡಿಸಿಡುತ್ತಿದ್ದ. ಅಳುವ ಕೂಸುಗಳನ್ನು ತಾಯಂದಿರು ಹೊರಗೆ ತಂದರೆ ಎತ್ತಿಕೊಂಡು ಕೆಳಗೆ ಹೋಗಿ ಮೆಟ್ರೋ ತೋರಿಸುತ್ತಿದ್ದ. ನನ್ನ ಶೆರಿನ್ ಅವನ ಹೆಗಲ ಮೇಲೆಯೇ ಬೆಳೆದಳು. ಯಮನೂರಜ್ಜ ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಮಹದೇವಪುರದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಿಂದ ಅವನು ಬಿದ್ದ. ಸೊಂಟಕ್ಕೆ ಬೆಲ್ಟ್ ಕೊಟ್ಟಿರಲಿಲ್ಲ. ಮರುದಿನ ತೀರಿಕೊಂಡ. ಪಾಸ್ಟರ್ ಕೆಟ್ಟವರಲ್ಲ ಎಂದು ಇಲ್ಲೇ ಹೇಳಿಬಿಡಬೇಕು; ಆ ಎರಡು ದಿನ ರಕ್ತಕ್ಕಾಗಿ ಊರೆಲ್ಲ ಓಡಾಡಿದವರು ಅವರೇ. ಆದರೆ ದೀಕ್ಷಾಸ್ನಾನ ಆಗದವನೆಂದು ಶವಪೆಟ್ಟಿಗೆಯ ಮೇಲೆ ಶಿಲುಬೆ ಇಡಲು ಬಿಡಲಿಲ್ಲ. ದೇವಕ್ಕ ಅದನ್ನು ನುಂಗಿಕೊಂಡಳು. ಮುಂದಿನ ಭಾನುವಾರವೇ ಬಂದು ಎಂದಿನಂತೆ ಸಂಡೇ ಸ್ಕೂಲ್ ಮಕ್ಕಳನ್ನು ಸಾಲಾಗಿ ಕೂರಿಸಿದಳು. ಆಗಲೇ ಏಳು ವರ್ಷದಿಂದ ಆ ಇಪ್ಪತ್ತೆರಡು ಮಕ್ಕಳ ಟೀಚರ್ ಅವಳು. ಓದಿದ್ದು ನಾಲ್ಕನೇ ಕ್ಲಾಸು. ಸಾಲಿನ ಕೆಳಗೆ ಬೆರಳು ಎಳೆಯುತ್ತಾ ಓದುತ್ತಾಳೆ.

ಹೋದ ಅಕ್ಟೋಬರಿನಲ್ಲಿ ಪಾಸ್ಟರ್ ಸಂಡೇ ಸ್ಕೂಲ್ ವಾರ್ಷಿಕೋತ್ಸವಕ್ಕೆ ಎರಡು ಪುಟದ ನಾಟಕ ಬರೆದು ಜೆರಾಕ್ಸ್ ಮಾಡಿಸಿ ಕೊಟ್ಟರು. ಮಕ್ಕಳಿಂದ ಆಡಿಸುವುದು ದೇವಕ್ಕ, ಉಡುಪು ಹೊಲಿಯುವುದು ನಾನು. ಶೆರಿನ್ ಮತ್ತು ಇನ್ನೈದು ಹುಡುಗಿಯರು ಬೆಂಕಿ. ಕೆಂಪು ಜಿಲೇಟಿನ್ ಕಾಗದದ ಲಂಗ ಹಾಕಿಕೊಂಡು ಕುಣಿಯಬೇಕು. ನನ್ನ ಮನೆಯಲ್ಲಿ ಹೊಲಿಗೆ ಮಿಷನ್ ಪಕ್ಕ ಕೂತು ದೇವಕ್ಕ ಜೋರಾಗಿ ಓದತೊಡಗಿದಳು. ಒಬ್ಬ ಕುಡುಕ ಕೂಲಿಯವನು. ಪ್ರತಿ ಭಾನುವಾರ ದೇವಾಲಯದ ಮೆಟ್ಟಿಲವರೆಗೆ ಬರುತ್ತಾನೆ, ಒಳಗೆ ಬರುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಸಾಯುತ್ತಾನೆ. ದೂತರು ಪುಸ್ತಕ ತೆರೆದು ನಿನ್ನ ಹೆಸರಿಲ್ಲ ಅನ್ನುತ್ತಾರೆ. ಬೆಂಕಿಗಳು ಅವನನ್ನು ಸುತ್ತುತ್ತವೆ. ಒಂದು ಹನಿ ನೀರು ಕೊಡಿ ಎಂದು ಕೂಗುತ್ತಾನೆ. ಬೆಂಕಿಗಳೆಲ್ಲ ಸೇರಿ "ಇನ್ನು ನಿನಗೆ ನೀರಿಲ್ಲ" ಅನ್ನಬೇಕು.

ಓದುವ ಬೆರಳು ನಿಂತಿತು. ನಾನೂ ಮಿಷನ್ ತುಳಿಯುವುದನ್ನು ನಿಲ್ಲಿಸಿದೆ.

ಶೆರಿನ್ ಕೈಯಲ್ಲಿದ್ದ ಕೆಂಪು ಕಾಗದದ ಮೂಲಕ ಕಿಟಕಿ ನೋಡುತ್ತಿದ್ದವಳು ಕೇಳಿದಳು, "ಅಜ್ಜೀ, ಇದು ಯಮನೂರಜ್ಜನಾ? ನಾನು ಅಜ್ಜಂಗೆ ನೀರಿಲ್ಲ ಅನ್ಬೇಕಾ?"

ದೇವಕ್ಕ ಕಾಗದ ಮಡಿಸಿದಳು. "ಅಜ್ಜ ಕುಡೀತಿರಲಿಲ್ಲವ್ವ" ಎಂದಳು.

ಮರುದಿನದಿಂದ ಅವಳು ಮೊದಲ ಪಾಳಿ ಮುಗಿಸಿ ಬಂದವಳೇ ನನ್ನ ಮನೆಗೆ ಸತ್ಯವೇದ, ನಮ್ಮ ಕನ್ನಡ ಬೈಬಲ್, ಹಿಡಿದು ಬರಲಾರಂಭಿಸಿದಳು. ಶೆಡ್ಡಿನ ಖಾಕಿ ಕಾಗದದ ಹೊದಿಕೆ ಹಾಕಿದ ದಪ್ಪ ಪುಸ್ತಕ. "ಮಂಜವ್ವ, ನೀ ಪಿಯುಸಿ ಓದಿದಾಕಿ. ನರಕ ಅಂತ ಎಲ್ಲೆಲ್ಲಿ ಐತಿ, ಎಲ್ಲಾ ತಗದು ಕೊಡು. ನನಗ ಬೇಕಾದ್ದಷ್ಟ ಅಲ್ಲ. ಬ್ಯಾಡಾದ್ದೂ ತೆಗಿ."

ಪುಟದ ಅಂಚಿನ ಸಣ್ಣ ಅಕ್ಷರದ ಉಲ್ಲೇಖಗಳನ್ನು ನಾನು ಹುಡುಕಿದೆ, ಅವಳು ಓದಿದಳು. ಗುರುತಿಗೆ ಬೈಂಡಿಂಗ್ ತಂತಿಯ ಚೂರುಗಳನ್ನು ಪುಟಗಳಿಗೆ ಸಿಕ್ಕಿಸಿದಳು. ಮೂರು ವಾರದಲ್ಲಿ ಪುಸ್ತಕ ಮುಳ್ಳುಹಂದಿಯ ಹಾಗಾಯಿತು.

ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಯೇಸುವಿಗೆ ಮುಂಚಿನ ಭಾಗದಲ್ಲಿ, ನಮಗೆ ಸಿಕ್ಕಿದ್ದು ಪಾತಾಳ. ಅಲ್ಲಿಗೆ ಒಳ್ಳೆಯವರೂ ಹೋಗುತ್ತಾರೆ, ಕೆಟ್ಟವರೂ ಹೋಗುತ್ತಾರೆ. ಸತ್ತವರಿಗೆ ಯಾವ ತಿಳುವಳಿಕೆಯೂ ಇಲ್ಲ ಎಂದು ಪ್ರಸಂಗಿ ಹೇಳುತ್ತಾನೆ. ಮೈಯೆಲ್ಲ ಹುಣ್ಣಾಗಿ ನರಳುವ ಯೋಬನಂತೂ, ನಿನ್ನ ಕೋಪ ತಣಿಯುವ ತನಕ ನನ್ನನ್ನು ಪಾತಾಳದಲ್ಲಿ ಅಡಗಿಸಿಡು ಎಂದು ದೇವರನ್ನೇ ಬೇಡುತ್ತಾನೆ. ದೇವಕ್ಕ ಅಲ್ಲಿ ದೊಡ್ಡ ತಂತಿಯನ್ನೇ ಸಿಕ್ಕಿಸಿದಳು. "ಅದು ಭಟ್ಟಿ ಆಗಿದ್ರ ಅಲ್ಲಿ ಬಚ್ಚಿಡು ಅಂತ ಯಾರರ ಕೇಳ್ತಾರನು?"

ಬೇಡವಾದದ್ದೂ ಸಿಕ್ಕಿತು. ಹೊಸ ಒಡಂಬಡಿಕೆಯ ಮತ್ತಾಯನಲ್ಲಿ ನಿತ್ಯದಂಡನೆ, ಪ್ರಕಟನೆಯಲ್ಲಿ ಬೆಂಕಿಯ ಕೆರೆ. ಹುಳ ಸಾಯುವುದಿಲ್ಲ, ಬೆಂಕಿ ಆರುವುದಿಲ್ಲ ಅನ್ನುವ ಮಾತೂ ಸಿಕ್ಕಿತು. ಅದನ್ನು ಓದುವಾಗ ನಾನು ನೆನೆಸಿಕೊಂಡದ್ದು ದೀಕ್ಷಾಸ್ನಾನ ಆಗದ ನನ್ನ ಅಮ್ಮನನ್ನು. ಆ ಮಾತಿನ ಉಲ್ಲೇಖ ಹಿಡಿದು ಹಿಂದಕ್ಕೆ ಹೋದರೆ ಯೆಶಾಯನ ಕೊನೆಯ ಸಾಲು. ಅಲ್ಲಿ ಹುಳ ಮುತ್ತಿರುವುದು ಹೆಣಗಳಿಗೆ. ದೇವಕ್ಕ ಎರಡು ಸಲ ಓದಿಸಿದಳು. "ಹೆಣ ಅಂತೈತಿ. ಹೆಣ ಅಳತೈತಿ ಅಂತ ಇಲ್ಲಲ್ಲ?" ಇರಲಿಲ್ಲ.

ಲೂಕನಲ್ಲಿ ಐಶ್ವರ್ಯವಂತನ ಕತೆ. ಸತ್ತು ಉರಿಯಲ್ಲಿ ಬಿದ್ದವನು, ತನ್ನ ಬಾಗಿಲಲ್ಲಿ ಭಿಕ್ಷೆಗೆ ಬಿದ್ದಿದ್ದ ಲಾಜರನು ಬೆರಳ ತುದಿ ನೀರಿನಲ್ಲಿ ಅದ್ದಿ ನನ್ನ ನಾಲಿಗೆ ತಣ್ಣಗೆ ಮಾಡಲಿ ಎಂದು ಕೇಳುತ್ತಾನೆ, ಮನೆಯಲ್ಲಿರುವ ತಮ್ಮಂದಿರನ್ನಾದರೂ ಎಚ್ಚರಿಸಲಿ ಅನ್ನುತ್ತಾನೆ. ಪಾಸ್ಟರ್ ನಾಟಕದ ನೀರು ಇಲ್ಲಿಂದಲೇ ಬಂದದ್ದು. ಇದನ್ನು ಓದಿ ದೇವಕ್ಕ ಪುಸ್ತಕವನ್ನು ತೊಡೆಯ ಮೇಲೆ ಇಳಿಸಿದಳು. ಆಮೇಲೆ ಶೆಡ್ಡಿನ ಯಂಕಪ್ಪನ ಮಾತು ತೆಗೆದಳು. ಕಾದ ಚೌಕಟ್ಟನ್ನು ಎಣ್ಣೆಗೆ ಇಳಿಸುವಾಗ ಬೆಂಕಿ ಹತ್ತಿಕೊಂಡು ಅವನ ಮೈ ಸುಟ್ಟಿತ್ತು.

"ನಾನ ಗೋಣಿತಾಟ ಹೊಚ್ಚಿದ್ದು. ಅವ ನೀರ ಕೇಳಲಿಲ್ಲ, ಮಂಜವ್ವ. ತನ್ನ ತಮ್ಮಂದಿರ ಸುದ್ದಿ ಮಾತಾಡಲಿಲ್ಲ. ಬಾಯಿ ಇತ್ತು, ಮಾತ ಇರಲಿಲ್ಲ. ಈ ಶ್ರೀಮಂತ ಬೆಂಕ್ಯಾಗ ನಿಂತು ವಕೀಲರಂಗ ವಾದ ಮಾಡತಾನ. ಇದು ಲಾಜರನ್ನ ಬಾಗಿಲದಾಗ ಹಸಿವಿಲೆ ಬಿಟ್ಟ ಸಾವುಕಾರಗ ಹೇಳಿದ ಕತಿ. ಬೆಂಕಿ ಹೆಂಗಿರತೈತಿ ಅಂತ ಹೇಳಾಕ ಹೇಳಿದ್ದಲ್ಲ."

ಯೇಸು ನರಕ ಎಂದಾಗಲೆಲ್ಲ ಅಂಚಿನಲ್ಲಿ ಒಂದೇ ಉಲ್ಲೇಖ ಸಿಗುತ್ತಿತ್ತು, ಹಿನ್ನೋಮ್ ಕಣಿವೆ. ಯೆರೂಸಲೇಮಿನ ಗೋಡೆಯಾಚೆಗಿನ ತಗ್ಗು; ಯೇಸು ನರಕಕ್ಕೆ ಬಳಸಿದ್ದು ಅದರ ಹೆಸರನ್ನೇ. ಅರಸರು ತಮ್ಮ ಹೆತ್ತ ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದ ಜಾಗ. ಆಹಾಜ ಕೊಟ್ಟ, ಮನಸ್ಸೆ ಕೊಟ್ಟ. ಆಮೇಲೆ ಬಂದ ಯೋಷೀಯ, ಇನ್ನು ಯಾರೂ ಅಲ್ಲಿ ಮಗುವನ್ನು ಸುಡಬಾರದೆಂದು ಆ ಜಾಗವನ್ನೇ ಹೊಲಸು ಮಾಡಿಸಿ ಅಪವಿತ್ರಗೊಳಿಸಿದ. ಯೆರೆಮೀಯನ ಬಾಯಲ್ಲಿ ದೇವರು ಅದರ ಬಗ್ಗೆ ಹೇಳುತ್ತಾನೆ, ನಾನು ಇದನ್ನು ಹೇಳಿರಲಿಲ್ಲ, ಇದು ನನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು.

ದೇವಕ್ಕ ಅಲ್ಲಿ ತಂತಿ ಸಿಕ್ಕಿಸಲಿಲ್ಲ. ಪುಸ್ತಕವನ್ನು ಹಾಗೇ ತೆರೆದುಕೊಂಡು ತನ್ನ ಮನೆಗೆ ಹೋದಳು.

ಶನಿವಾರ ಮಧ್ಯಾಹ್ನ ಪಾಸ್ಟರ್ ಬಳಿ ಅವಳು ಹೋದಾಗ ಜೊತೆಗೆ ನಾನೂ ಇದ್ದೆ. ಈ ನಾಟಕ ಬೇಡ ಎಂದು ಅವಳು ತಂತಿ ಸಿಕ್ಕಿಸಿದ ವಚನಗಳನ್ನೆಲ್ಲ ತೋರಿಸುತ್ತಿದ್ದರೆ ಅವರು ಮೈಕ್ ವೈರ್ ಸರಿಮಾಡುತ್ತಿದ್ದರು.

"ದೆಬೋರಮ್ಮ, ಆ ನಾಟಕದಲ್ಲಿ ಯಾರ ಹೆಸರೂ ಇಲ್ಲ. ಯಾಕೆ ನಿಮ್ಮ ಮೇಲೆ ಎಳ್ಕೋತೀರಾ?"

"ಮೆಟ್ಲ ಮ್ಯಾಲ ಕುಂದರತಿದ್ದಾವ ಒಬ್ಬನ ಇದ್ದ, ಪಾಸ್ಟರ್ರ. ಮಕ್ಕಳಿಗೆ ಗೊತ್ತಾಗೈತಿ."

"ಭಯ ಇರಬೇಕಮ್ಮ ಮಕ್ಕಳಿಗೆ. ನಮ್ಮಪ್ಪ ಸಾಯೋವಾಗ ನಾನು ಕ್ರಿಸ್ತನ ವಿಷಯ ಬಾಯಿ ಬಿಟ್ಟು ಹೇಳಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ. ನೀವು ನರಕವೇ ಇಲ್ಲ ಅಂದ್ರೆ ಪಾಪಕ್ಕೆ ಶಿಕ್ಷೆ ಎಲ್ಲಿ? ನಿಮ್ಮ ಯಜಮಾನ್ರನ್ನ ಬೆಲ್ಟ್ ಇಲ್ಲದೆ ಹತ್ತಿಸಿದ್ನಲ್ಲ ಆ ಮೇಸ್ತ್ರಿ, ಅವನಿಗೂ ಏನೂ ಬೇಡ್ವಾ?"

ಇದು ದೇವಕ್ಕನನ್ನು ಮುರಿಯುತ್ತದೆ ಅಂದುಕೊಂಡೆ.

ಅವಳು ಕೈಮೇಲಿನ ಕಲೆಗಳನ್ನು ಸವರಿಕೊಂಡಳು. "ಅವಂಗ ಜೈಲಾಗಬೇಕ್ರಿ. ಅದಕ್ಕ ಎರಡು ವರ್ಷದಿಂದ ರಜಾ ಹಾಕಿ ಕೋರ್ಟಿಗೆ ಅಡ್ಡಾಡಾಕತ್ತೀನಿ. ಆದ್ರ ಸುಡ್ರಿ ಅಂತ ನಾ ಕೇಳಂಗಿಲ್ಲ. ದಿನಾ ಬೆಂಕಿ ಮುಂದ ನಿಲ್ಲಾಕಿ ನಾನು. ನಾವೂ ಫರ್ನೇಸಿಗೆ ಹಾಕತೀವಿ, ತಗೀಬೇಕಂತ ಹಾಕತೀವಿ. ತಗೀದಂಗ ಬಿಡಾಕ ಯಾರೂ ಹಾಕಂಗಿಲ್ಲ."

"ಹೊಟ್ಟನ್ನು ಆರದ ಬೆಂಕಿಯಲ್ಲಿ ಸುಡ್ತಾನೆ ಅಂತ ಬರೆದಿದೆ. ಹೊಟ್ಟನ್ನು ಯಾರೂ ವಾಪಸ್ ತೆಗೆಯೋದಿಲ್ಲ."

"ಹೌದ್ರಿ. ಹೊಟ್ಟು ಸುಟ್ರ ಬೂದಿ ಆಕ್ಕೈತಿ. ಬೂದಿಗೆ ನೀರಡಿಕಿ ಆಗಂಗಿಲ್ಲ."

ಪಾಸ್ಟರ್ ವೈರ್ ಕೆಳಗಿಟ್ಟರು. "ಒಂದೊಂದೇ ವಚನ ಹಿಡ್ಕೊಂಡು ವಾದ ಮಾಡಬಾರದು. ನಾಟಕ ಮಾಡಿಸ್ತೀರೋ ಇಲ್ವೋ ಹೇಳಿ. ಇಲ್ಲ ಅಂದ್ರೆ ಪ್ರಿಯಾಂಕಾಗೆ ಕ್ಲಾಸ್ ಕೊಡ್ತೀನಿ."

ಪ್ರಿಯಾಂಕಾ ಬಿ.ಕಾಂ ಓದುವ ಹುಡುಗಿ, ಗಿಟಾರ್ ಬಾರಿಸುತ್ತಾಳೆ.

"ಮಾಡಸ್ತೀನ್ರಿ" ಎಂದಳು ದೇವಕ್ಕ. "ಬೈಬಲ್‌ನಾಗ ಇದ್ದಷ್ಟ ಮಾಡಸ್ತೀನಿ."

ಪಾಸ್ಟರ್ ಮುಖ ಅರಳಿತು. ಅದೇ ಅವರು ಮಾಡಿದ ತಪ್ಪು; ಇದ್ದಷ್ಟೂ ತಾವು ಬರೆದದ್ದರಲ್ಲಿ ಇದೆ ಎಂದು ಅವರು ನಂಬಿದ್ದರು.

ನವೆಂಬರಿನ ಕೊನೆಯ ಭಾನುವಾರ ಪ್ರಾರ್ಥನಾಲಯ ತುಂಬಿತ್ತು. ಮೊಮ್ಮಕ್ಕಳ ಕುಣಿತ ನೋಡಲು ಪಿಳ್ಳಮ್ಮನೂ ಮೇಲಿಂದ ಇಳಿದು ಬಂದು ಮುಂದಿನ ಕುರ್ಚಿಯಲ್ಲಿ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. ನಾನು ಹೊಲಿದ ಕೆಂಪು ಲಂಗಗಳಲ್ಲಿ ಆರು ಬೆಂಕಿಗಳು ಸುತ್ತು ನಿಂತವು. ನಡುವೆ ಕುಡುಕ ಬರಲಿಲ್ಲ. ರಟ್ಟಿನ ಕಿರೀಟ ಹಾಕಿಕೊಂಡ ಒಬ್ಬ ರಾಜ ಬಂದ, ಬಟ್ಟೆಯ ಗೊಂಬೆಯನ್ನು ಎತ್ತಿ ಬೆಂಕಿಗೆ ಕೊಟ್ಟ. ಇನ್ನೊಬ್ಬ ರಾಜ ಬಂದು ಇನ್ನೊಂದು ಕೊಟ್ಟ. ಗೊಂಬೆಗಳು ಮನೆಯವೇ, ಶೆರಿನ್ ತನ್ನದನ್ನೇ ಕೊಟ್ಟಿದ್ದಳು. ಜನ ಪಿಸುಗುಟ್ಟತೊಡಗಿದರು. ಪಾಸ್ಟರ್ ಕೈಯಲ್ಲಿದ್ದ ಜೆರಾಕ್ಸ್ ತಿರುವಿ ನೋಡಿದರು.

ಪರದೆಯ ಹಿಂದಿನಿಂದ ದೇವಕ್ಕನ ದನಿ ಬಂತು. ಬೆರಳಿಟ್ಟು ಓದುವ ನಿಧಾನದ ದನಿ. ಇದನ್ನು ನಾನು ಹೇಳಿಲ್ಲ, ಇದು ನನ್ನ ಮನಸ್ಸಿಗೂ ಬಂದಿಲ್ಲ ಎಂಬ ದೇವರ ಮಾತನ್ನು ಓದಿ ನಿಲ್ಲಿಸಿದಳು. ಆಗ ಯೋಷೀಯ ರಾಜನಾಗಿದ್ದ ಹುಡುಗ ಹತ್ತು ಮಕ್ಕಳನ್ನು ಕರೆದುಕೊಂಡು ಬಂದು, ಅವರವರ ಮನೆಯಿಂದ ತಂದ ಕಸವನ್ನು ಬೆಂಕಿಯ ನಡುವೆ ಸುರಿದ. ಪ್ಲಾಸ್ಟಿಕ್ ಕವರು, ಮೊಟ್ಟೆ ಸಿಪ್ಪೆ, ಒಬ್ಬನ ಅಪ್ಪ ತಂದುಕೊಟ್ಟ ಲೇತಿನ ಕಬ್ಬಿಣದ ಸುರುಳಿ. ಬೆಂಕಿಯಾಗಿದ್ದ ಹುಡುಗಿಯರು ತಮ್ಮ ಕೆಂಪು ಲಂಗ ಬಿಚ್ಚಿ ಕಸದ ಮೇಲೆ ಹಾಕಿ, ಫ್ರಾಕಿನಲ್ಲಿ ನಿಂತರು. ಗೊಂಬೆಗಳನ್ನು ಎತ್ತಿಕೊಂಡರು. ನಾಟಕ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ತಟ್ಟಿದೆ.

ಪಾಸ್ಟರ್ ಎದ್ದು ಮೈಕ್ ಹಿಡಿದರು. "ಮಕ್ಕಳು ಚೆನ್ನಾಗಿ ಮಾಡಿದರು. ಆದರೆ ಮುಖ್ಯವಾದ್ದೇ ಬಿಟ್ಟುಹೋಯಿತು. ನರಕ ಇದೆ ಅಂತ ಕರ್ತ ಯೇಸುವೇ ತನ್ನ ಬಾಯಿಂದ ಹೇಳಿದ್ದಾನೆ."

ದೇವಕ್ಕ ಪರದೆ ಸರಿಸಿ ಬಂದಳು. ಅವಳಿಗೆ ಮೈಕ್ ಬೇಕಿರಲಿಲ್ಲ. ಫರ್ನೇಸ್ ಸದ್ದಿನ ಮೇಲೆ ಮಾತಾಡುವವಳು.

"ಹೇಳ್ಯಾನ್ರಿ. ಆ ತಗ್ಗಿನ ಹೆಸರ ಹಿಡದ ಹೇಳ್ಯಾನ. ಕೆಟ್ಟದ್ದಕ್ಕ ಕೇಡು ಐತಿ ಅಂತ ಹೆದರಿಸ್ಯಾನ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿ ಮಕ್ಕಳನ್ನ ಸುಟ್ಟಾವ್ರು ಯಾರು? ರಾಜರು. ದೇವರು ನನ್ನ ಮನಸ್ಸಿಗ ಬಂದಿಲ್ಲ ಅಂದ. ಮನಸ್ಸಿಗ ಬರದ್ದನ್ನ ಆತ ಹೆಂಗ ಕಟ್ಟತಾನ್ರಿ? ನನ್ನ ಗಂಡನ್ನ ಅದರಾಗ ಇಡಾಕ ನಾ ಬಿಡಂಗಿಲ್ಲ. ಈ ಮಕ್ಕಳ ಕೈಲೆ ಅಂತೂ ಇಡಸಂಗಿಲ್ಲ."

"ಅಮ್ಮ, ಕೂತ್ಕೊಳ್ಳಿ" ಎಂದರು ಪಾಸ್ಟರ್.

ಆಗ ಮುಂದಿನ ಸಾಲಿನಿಂದ ಪಿಳ್ಳಮ್ಮ ಬಾಯಲ್ಲಿದ್ದ ಎಲೆ ಒಂದು ದವಡೆಗೆ ತಳ್ಳಿ ಕೇಳಿದರು, "ಏ ಮುನಿಕೃಷ್ಣ, ಆ ಮೆಟ್ಲಮ್ಯಾಲೆ ಕುಂತಿದ್ದೋನೇ ಅಲ್ಲಿಗೋದ ಅಂದ್ರೆ, ಮೇಲ್ಗಡೆ ಮನೇಲಿರೋ ನಾನೆಲ್ಲಿಗೋಗ್ತೀನಪ್ಪ? ಇವತ್ತೇ ಯೋಳ್ಬುಡು. ನಿಮ್ಮಪ್ಪನ ಜೊತೆಗೇನಾ?"

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಪಾಸ್ಟರ್ ತಾಯಿಯನ್ನು ನೋಡುತ್ತಾ ನಿಂತರು. ಅವರಿಗೆ ಉತ್ತರ ಗೊತ್ತಿತ್ತು, ಇಪ್ಪತ್ತು ವರ್ಷದಿಂದ ಅದನ್ನೇ ಸಾರುತ್ತಿದ್ದಾರೆ. ತಾಯಿಯ ಮುಂದೆ ಮಾತ್ರ ಮೈಕನ್ನು ಕೆಳಗಿಳಿಸಿದರು. "ಪ್ರಾರ್ಥನೆ ಮಾಡೋಣ" ಎಂದರು.

ಅವರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮಂಗಳವಾರ ದೇವಕ್ಕನನ್ನು ಕರೆದು, ಸಂಡೇ ಸ್ಕೂಲ್ ಇನ್ನು ಪ್ರಿಯಾಂಕಾ ನೋಡಿಕೊಳ್ಳುತ್ತಾಳೆ ಎಂದರು. ತಪ್ಪಾಯಿತು ಎಂದು ಸಭೆಯ ಮುಂದೆ ಹೇಳಿದರೆ ಯೋಚಿಸೋಣ ಎಂದೂ ಹೇಳಿದರು. ದೇವಕ್ಕ ಹಾಜರಿ ಪುಸ್ತಕ, ಬಣ್ಣದ ಪೆನ್ಸಿಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಳು. "ತಪ್ಪು ಆಗಿಲ್ರಿ" ಎಂದಳು. ಮೇಲೆ ಬಂದು ನನ್ನ ಮನೆಯಲ್ಲಿ ಕೂತು ಅತ್ತಳು. ಒಂಬತ್ತು ವರ್ಷ, ಇಪ್ಪತ್ತೆರಡು ಮಕ್ಕಳು. ನಾನು ಸಾರಿಗೆ ಒಗ್ಗರಣೆ ಹಾಕಿ ಅನ್ನ ಬಡಿಸಿದೆ. ಬೇರೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಎಂದಿನ ಬಿಳಿ ಸೀರೆ ಉಟ್ಟು, ತಂತಿ ಚುಚ್ಚಿದ ಪುಸ್ತಕ ಹಿಡಿದು ಇಳಿದಳು. ಒಳಗೆ ಹೋಗಲಿಲ್ಲ. ಯಮನೂರ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತು, ಬಂದವರ ಚಪ್ಪಲಿಗಳನ್ನು ಜೋಡಿಸತೊಡಗಿದಳು. ಹತ್ತು ಗಂಟೆಗೆ ಪಾಸ್ಟರ್ ಹತ್ತಿ ಬಂದರು. ಅವಳು ಅವರ ಚಪ್ಪಲಿಗೆ ಕೈ ಚಾಚಿದಳು. ಅವರು ಒಂದು ಕ್ಷಣ ತಡೆದು, ಚಪ್ಪಲಿ ತಾವೇ ಬಿಟ್ಟು ಗೋಡೆಗೆ ಒತ್ತಿ ಇಟ್ಟರು.

"ಒಳಗೆ ಬನ್ನಿ ದೆಬೋರಮ್ಮ."

"ಇಲ್ಲೇ ಕೇಳಸತೈತ್ರಿ. ಆತಗೂ ಇಲ್ಲೇ ಕೇಳಸತಿತ್ತು."

ಅವರು ಹೋದ ಮೇಲೆ ಶೆರಿನ್ ನನ್ನ ಕೈ ಬಿಡಿಸಿಕೊಂಡು ಹೋಗಿ ಅವಳ ಪಕ್ಕ ಕೂತಳು. ಹಿಂದೆಯೇ ಇನ್ನೊಂದು ಹುಡುಗಿ, ಆಮೇಲೆ ಯೋಷೀಯ ರಾಜನಾಗಿದ್ದ ಹುಡುಗ. ಒಳಗೆ ಗಿಟಾರ್ ಶುರುವಾಗಿತ್ತು. ನಾನು ಶೆರಿನ್‌ಳನ್ನು ಕರೆಯಲಿಲ್ಲ. ಅವಳ ನೀರಿನ ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟೆ.

"ಅಜ್ಜೀ, ಹಂಗಾದ್ರೆ ಯಮನೂರಜ್ಜ ಈಗ ಎಲ್ಲಿದ್ದಾರೆ?"

"ನನಗ ಗೊತ್ತಿಲ್ಲವ್ವ. ದೇವರಿಗೆ ಗೊತ್ತೈತಿ" ಎಂದಳು ದೇವಕ್ಕ. ಬಲಗೈಯನ್ನು ಅವಳ ತೊಡೆಯ ಮೇಲೆ ಚಾಚಿದಳು. "ಆದ್ರ ಬೆಂಕ್ಯಾಗ ಇಲ್ಲ. ಬೆಂಕಿ ನನಗ ಗೊತ್ತೈತಿ. ಎಣಸು."

ಶೆರಿನ್ ಮಣಿಕಟ್ಟಿನಿಂದ ಶುರುಮಾಡಿದಳು.